ಹಾಡು ಕಡಿಯದಿರಲು ಎಂಥ ಕೇಬಲ್ ಬೇಕು? ಮನೆಯ ಮ್ಯೂಸಿಕ್ ಸ್ಟ್ರೀಮಿಂಗ್‌ಗೆ ನೆಟ್‌ವರ್ಕ್ ತಂತಿ ಆರಿಸುವ ಬಗೆ

ನೆಟ್‌ವರ್ಕ್ ಕೇಬಲ್ ಕೆಟ್ಟಾಗ ಹಾಡು ನಿಲ್ಲುತ್ತದೆ. ಇಲ್ಲವೇ ತಡವರಿಸುತ್ತದೆ, ಅರ್ಧಕ್ಕೇ ಕಡಿದು ಮುಂದಿನ ಹಾಡಿಗೆ ಹಾರುತ್ತದೆ. ಬಾಸ್ ಸಡಿಲವಾಗುವುದು, ತಾಳದ ಕಿಣಿಕಿಣಿ ಮಂಕಾಗುವುದು, ಗಾಯಕಿಯ ದನಿ ಹಿಂದೆ ಸರಿದಂತೆ ಕೇಳುವುದು, ಇವು ಯಾವುವೂ ಈ ಕೇಬಲ್‌ನ ಕಾಯಿಲೆಗಳಲ್ಲ. ಕೊಳ್ಳಲು ಹೊರಟಾಗ ಇದೊಂದು ಮಾತು ನೆನಪಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಯಾಕೆಂದರೆ ಸಂಗೀತಪ್ರಿಯರಿಗೆಂದೇ ಮಾರುವ ಕೇಬಲ್‌ಗಳ ಡಬ್ಬಿಯ ಮೇಲೆ ಇರುವುದು ಬಹುಪಾಲು ಎರಡನೇ ಬಗೆಯ ಭರವಸೆಗಳೇ.

ಇಲ್ಲಿ ಹೇಳುತ್ತಿರುವುದು ರೂಟರ್‌ನಿಂದ ಸ್ಟ್ರೀಮರ್‌ಗೆ (ನೆಟ್‌ವರ್ಕ್‌ನಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆ), ಹಾಡುಗಳನ್ನು ಇಟ್ಟಿರುವ ಸರ್ವರ್‌ಗೆ, ನೆಟ್‌ವರ್ಕ್ ಸ್ಪೀಕರ್‌ಗೆ ಹೋಗುವ ಇಥರ್ನೆಟ್ ತಂತಿಯ ಬಗ್ಗೆ ಮಾತ್ರ. ಆಂಪ್ಲಿಫಯರ್‌ನಿಂದ ಸ್ಪೀಕರ್‌ಗೆ ಹೋಗುವ ತಂತಿಯಲ್ಲಿ ಹರಿಯುವುದು ಅನಲಾಗ್ ಸಿಗ್ನಲ್. ಅದರ ಲೆಕ್ಕಾಚಾರವೇ ಬೇರೆ, ಇದಕ್ಕೆ ತಳುಕು ಹಾಕಬೇಡಿ.

ಕೇಬಲ್ ಬೇಕೇ ಬೇಕಾ?

ವೈಫೈಯಲ್ಲಿ ಹಾಡು ಎಲ್ಲೂ ನಿಲ್ಲದೆ ಬರುತ್ತಿದ್ದರೆ ಸುಮ್ನೆ ಇದ್ದುಬಿಡಿ. ಕೇಬಲ್ ಹಾಕಿದ ಮಾತ್ರಕ್ಕೆ ಅದೇ ಹಾಡು ಇನ್ನೂ ಚೆನ್ನಾಗಿ ಕೇಳುವುದಿಲ್ಲ.

ಆದರೆ ರೂಟರ್ ಒಂದು ಮೂಲೆಯಲ್ಲಿ, ಸ್ಟ್ರೀಮರ್ ಎರಡು ಗೋಡೆ ದಾಟಿ ಇನ್ನೊಂದು ಮೂಲೆಯಲ್ಲಿ ಇದ್ದರೆ ತಂತಿ ಎಳೆಯುವುದೇ ಒಳ್ಳೆಯದು. ಅಕ್ಕಪಕ್ಕದ ಮನೆಗಳ ವೈಫೈ ತುಂಬಾ ಇರುವ ಕಡೆ, ಅದರಲ್ಲೂ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ, ಸಂಜೆ ಹೊತ್ತು ಹಾಡು ಕಡಿಯುವುದು ಸಾಮಾನ್ಯ. ಹಲವು ಕೋಣೆಗಳಲ್ಲಿ ಒಂದೇ ಹಾಡು ಒಟ್ಟಿಗೆ ನುಡಿಯಬೇಕು ಅಂದರಂತೂ ಮುಖ್ಯವಾದ ಒಂದೆರಡು ಪೆಟ್ಟಿಗೆಗಳಿಗಾದರೂ ತಂತಿ ಕೊಡಿ. ಇನ್ನೊಂದು ಉಪಾಯವೂ ಇದೆ. ಟಿವಿ, ಕಂಪ್ಯೂಟರ್‌ನಂಥ ಜಾಸ್ತಿ ಡೇಟಾ ಎಳೆಯುವ ಸಾಧನಗಳನ್ನು ಕೇಬಲ್‌ಗೆ ಹಾಕಿಬಿಟ್ಟರೆ ವೈಫೈ ಹಗುರಾಗುತ್ತದೆ. ಆಗ ಸ್ಪೀಕರ್ ಇದ್ದಲ್ಲೇ ಇದ್ದು ಸಮಸ್ಯೆ ತೀರಿಹೋಗಬಹುದು.

ಹಾಡಿಗೆ ಎಷ್ಟು ವೇಗ ಬೇಕು ಅಂತ ಲೆಕ್ಕ ಹಾಕಿ

ಸಿಡಿ ಗುಣಮಟ್ಟದ ಸಂಗೀತ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಅಳತೆ), ಒಂದೊಂದಕ್ಕೆ 16 ಬಿಟ್, ಎಡ ಮತ್ತು ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ 1.4 ಮೆಗಾಬಿಟ್. ಹೈ-ರೆಸ್ ಎನ್ನುವ 24 ಬಿಟ್, 192 ಕಿಲೋಹರ್ಟ್ಸ್ ಫೈಲ್‌ಗೆ 9.2 ಮೆಗಾಬಿಟ್. ಡಿಎಸ್‌ಡಿ ಎಂಬ ಇನ್ನೊಂದು ಬಗೆಯ ಫೈಲ್‌ನಲ್ಲಿ, ಡಿಎಸ್‌ಡಿ 64 ಆದರೆ 5.6, ಡಿಎಸ್‌ಡಿ 256 ಆದರೆ 22.6 ಮೆಗಾಬಿಟ್. ಫ್ಲ್ಯಾಕ್‌ನಲ್ಲಿ (ಧ್ವನಿ ಕೆಡಿಸದೆ ಕುಗ್ಗಿಸುವ ಫೈಲ್ ಬಗೆ) ಕುಗ್ಗಿಸಿ ಕಳಿಸಿದಾಗ ಸಿಡಿ, ಹೈ-ರೆಸ್ ಎರಡಕ್ಕೂ ಇದಕ್ಕಿಂತ ಕಡಿಮೆಯೇ ಸಾಕು. 320 ಕಿಲೋಬಿಟ್ ಎಂಪಿ3 ಅಂತೂ ಲೆಕ್ಕಕ್ಕೇ ಇಲ್ಲ.

ಇಥರ್ನೆಟ್ ಪೋರ್ಟ್‌ನ ವೇಗ ಸಾಮಾನ್ಯವಾಗಿ 100 ಮೆಗಾಬಿಟ್ ಅಥವಾ 1,000 ಮೆಗಾಬಿಟ್. ನಾಲ್ಕು ಕೋಣೆಗಳಲ್ಲಿ ನಾಲ್ಕು ಬೇರೆ ಬೇರೆ ಹೈ-ರೆಸ್ ಹಾಡು ಏಕಕಾಲಕ್ಕೆ ಹಾಕಿದರೂ 37 ಮೆಗಾಬಿಟ್ ದಾಟುವುದಿಲ್ಲ. ಹಾಗಾಗಿ ‘ಜಾಸ್ತಿ ವೇಗದ ಕೇಬಲ್‌ನಿಂದ ಒಳ್ಳೆಯ ಧ್ವನಿ’ ಎಂಬ ಮಾತಿಗೆ ಬುಡವೇ ಇಲ್ಲ. ಎಷ್ಟೋ ಸ್ಟ್ರೀಮರ್‌ಗಳ ಪೋರ್ಟ್ ಇವತ್ತಿಗೂ 100 ಮೆಗಾಬಿಟ್‌ದೇ. ಅದನ್ನು ನೋಡಿ ಹಳೇ ಮಾಲು ಕೊಟ್ಟರು ಅಂತ ಬೇಜಾರು ಮಾಡಿಕೊಳ್ಳಬೇಡಿ.

ತಂತಿಯೊಳಗೆ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಮುಂದಿನ ಆಯ್ಕೆಗಳೆಲ್ಲ ಸಲೀಸು. ಹಾಡು ತಂತಿಯಲ್ಲಿ ಒಂದೇ ಧಾರೆಯಾಗಿ ಹರಿದು ಬರುವುದಿಲ್ಲ. 1,500 ಬೈಟ್‌ವರೆಗಿನ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಸಿಡಿ ಗುಣಮಟ್ಟದ ಒಂದು ಸೆಕೆಂಡಿನ ಸಂಗೀತಕ್ಕೆ ಸುಮಾರು 120 ಪ್ಯಾಕೆಟ್. ಗಿಗಾಬಿಟ್ ವೇಗದಲ್ಲಿ ಅಷ್ಟೂ ದಾಟಲು ಒಂದೂವರೆ ಮಿಲಿಸೆಕೆಂಡ್ ಸಾಕು. ಉಳಿದ ಹೊತ್ತೆಲ್ಲ ಆ ಹಾಡಿನ ಮಟ್ಟಿಗೆ ಕೇಬಲ್‌ಗೆ ಕೆಲಸವೇ ಇಲ್ಲ.

ಪ್ರತಿ ಪ್ಯಾಕೆಟ್ಟಿನ ಕೊನೆಯಲ್ಲೂ 32 ಬಿಟ್‌ನ ಒಂದು ತಾಳೆ ಸಂಖ್ಯೆ ಇರುತ್ತದೆ. ತಲುಪಿದ ಕಡೆ ಅದನ್ನು ಮತ್ತೆ ಲೆಕ್ಕ ಹಾಕುತ್ತಾರೆ. ತಾಳೆಯಾಗದಿದ್ದರೆ ಆ ಪ್ಯಾಕೆಟ್ಟನ್ನು ಅಲ್ಲೇ ಎಸೆಯಲಾಗುತ್ತದೆ. ಸ್ಟ್ರೀಮಿಂಗ್ ಸೇವೆಗಳು ಬಹುತೇಕ ಬಳಸುವ ಟಿಸಿಪಿ ವಿಧಾನದಲ್ಲಿ, ಬಿಟ್ಟುಹೋದದ್ದನ್ನು ಮತ್ತೆ ತರಿಸಿಕೊಳ್ಳುತ್ತಾರೆ. ಬಂದದ್ದೆಲ್ಲ ಸ್ಟ್ರೀಮರ್‌ನ ಮೆಮೊರಿಯಲ್ಲಿ, ಅಂದರೆ ಬಫರ್‌ನಲ್ಲಿ, ಸರದಿ ಕಾಯುತ್ತದೆ. ಅಲ್ಲಿಂದ ತೆಗೆದು ನುಡಿಸುವುದು ಡ್ಯಾಕ್, ಅಂದರೆ ಅಂಕಿಗಳನ್ನು ಅನಲಾಗ್ ಸಿಗ್ನಲ್ ಆಗಿ ಬದಲಿಸುವ ಭಾಗ. ಎಷ್ಟು ಹೊತ್ತಿಗೆ ಯಾವ ಸ್ಯಾಂಪಲ್ ಅಂತ ತೀರ್ಮಾನಿಸುವುದು ಅದನ್ನು ನಡೆಸುವ ಗಡಿಯಾರ. ಪ್ಯಾಕೆಟ್ ಒಂಚೂರು ತಡವಾಗಿ ಬಂತೋ, ಬೇಗ ಬಂತೋ ಎನ್ನುವುದು ಆ ಗಡಿಯಾರಕ್ಕೆ ಗೊತ್ತೇ ಆಗುವುದಿಲ್ಲ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಒಂದು ಹಾಡು ಹಾಕಿ, ಅರ್ಧ ನಿಮಿಷ ಬಿಟ್ಟು ಸ್ಟ್ರೀಮರ್‌ನ ಹಿಂಬದಿಯಿಂದ ಕೇಬಲ್ ಕಿತ್ತುಬಿಡಿ. ಬಹುತೇಕ ಸ್ಟ್ರೀಮರ್‌ಗಳಲ್ಲಿ ಹಾಡು ಮುಂದುವರಿಯುತ್ತದೆ. ಕೆಲವದರಲ್ಲಿ ಕೆಲವೇ ಸೆಕೆಂಡ್, ಕೆಲವದರಲ್ಲಿ ಹಾಡು ಪೂರ್ತಿ ಮುಗಿಯುವವರೆಗೆ. ಆ ಹೊತ್ತಿನಲ್ಲಿ ನೀವು ಕೇಳುತ್ತಿರುವುದು ಕೇಬಲ್ಲೇ ಇಲ್ಲದ ಸಂಗೀತ. ಕಿವಿ ಕೊಟ್ಟು ಕೇಳಿ, ಕೇಬಲ್ ಇದ್ದಾಗಿನದಕ್ಕೂ ಈಗಿನದಕ್ಕೂ ಏನಾದರೂ ಬದಲಾಯಿತಾ ಅಂತ. ಈ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಗುಂಯ್‌ಗುಡುವ ಸದ್ದು ಹಿಡಿಯಲೂ ಇದೇ ಬೇಕಾಗುತ್ತದೆ. (ಹಲವು ಸ್ಪೀಕರ್‌ಗಳನ್ನು ಒಟ್ಟಿಗೆ ನುಡಿಸುವ ವ್ಯವಸ್ಥೆಗಳಲ್ಲಿ ಬಫರ್ ಚಿಕ್ಕದಿರಬಹುದು. ಅಲ್ಲಿ ಹಾಡು ತಕ್ಷಣವೇ ನಿಂತರೆ ಗಾಬರಿ ಬೇಡ.)

ಈಗ ಕ್ಯಾಟಗರಿ ಆರಿಸಿ

ಕೇಬಲ್ ಮೇಲಿನ ಕ್ಯಾಟ್ 5ಇ, ಕ್ಯಾಟ್ 6 ಎಂಬ ಹೆಸರುಗಳು ಅದು ಎಷ್ಟು ಫ್ರೀಕ್ವೆನ್ಸಿವರೆಗೆ ಸಿಗ್ನಲ್ಲನ್ನು ಕೆಡದಂತೆ ಒಯ್ಯಬೇಕು ಅಂತ ಹೇಳುತ್ತವೆ. ಕ್ಯಾಟ್ 5ಇಗೆ 100 ಮೆಗಾಹರ್ಟ್ಸ್. ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಒಯ್ಯಲು ಇಷ್ಟು ಸಾಕು. ಕ್ಯಾಟ್ 6ಗೆ 250 ಮೆಗಾಹರ್ಟ್ಸ್. ಸಂದರ್ಭ ಚೆನ್ನಾಗಿದ್ದರೆ 10 ಗಿಗಾಬಿಟ್ಟನ್ನೂ 55 ಮೀಟರ್‌ವರೆಗೆ ಒಯ್ಯುತ್ತದೆ. ಕ್ಯಾಟ್ 6ಎಗೆ 500 ಮೆಗಾಹರ್ಟ್ಸ್, 10 ಗಿಗಾಬಿಟ್ ಪೂರಾ 100 ಮೀಟರ್.

ಮನೆಯಲ್ಲಿ ಈಗಾಗಲೇ ಒಳ್ಳೆಯ ಕ್ಯಾಟ್ 5ಇ ಇದ್ದರೆ ಅದನ್ನು ಕಿತ್ತು ಹಾಕಲು ಸಂಗೀತದ ಮಟ್ಟಿಗೆ ಯಾವ ಕಾರಣವೂ ಇಲ್ಲ. ಹೊಸದಾಗಿ ಕೊಳ್ಳುವುದಾದರೆ ಕ್ಯಾಟ್ 6 ತೆಗೆದುಕೊಳ್ಳಿ. ಗೋಡೆಯೊಳಗೆ ಹಾಕುವ ತಂತಿಯಾದರೆ ಕ್ಯಾಟ್ 6ಎ ಯೋಚಿಸಬಹುದು. ಅದು ಹಾಡಿಗಾಗಿ ಅಲ್ಲ. ಗೋಡೆ ಒಡೆಯುವ ಕೆಲಸ ಮತ್ತೆ ಮತ್ತೆ ಮಾಡುವುದಲ್ವಲ್ಲ, ಅದಕ್ಕೆ.

ಕ್ಯಾಟ್ 7, ಕ್ಯಾಟ್ 8ರ ಕಥೆ ಬೇರೆ. ಕ್ಯಾಟ್ 7 ಎಂಬುದು ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡದಲ್ಲಿದೆ, ಆದರೆ ಅಲ್ಲಿ ಅದಕ್ಕೆ ಹೇಳಿರುವ ಪ್ಲಗ್‌ಗಳೇ ಬೇರೆ, ಜಿಜಿ45 ಮತ್ತು ಟೆರಾ. ಅಮೆರಿಕದ ಟಿಐಎ ಮಾನದಂಡದಲ್ಲಿ ಕ್ಯಾಟ್ 7 ಎಂಬುದೇ ಇಲ್ಲ. ಮಾಮೂಲಿ ಆರ್‌ಜೆ45 ಪ್ಲಗ್ ಹಾಕಿ ‘ಕ್ಯಾಟ್ 7’ ಅಂತ ಮಾರುವ ಪ್ಯಾಚ್ ಕೇಬಲ್‌ನ (ಎರಡೂ ತುದಿಗೆ ಪ್ಲಗ್ ಹಾಕಿಯೇ ಬರುವ ಚಿಕ್ಕ ಕೇಬಲ್) ಹೆಸರಿಗೆ ಹಾಗಾಗಿ ಹೆಚ್ಚು ಬೆಲೆ ಕೊಡಬೇಕಿಲ್ಲ. ಕ್ಯಾಟ್ 8 ಇರುವುದು ಡೇಟಾ ಸೆಂಟರ್‌ಗಳಿಗೆ. 25 ಮತ್ತು 40 ಗಿಗಾಬಿಟ್ ವೇಗ, ಅದೂ 30 ಮೀಟರ್‌ವರೆಗೆ ಮಾತ್ರ. ದಪ್ಪ, ಬಿರುಸು, ಬಗ್ಗುವುದಿಲ್ಲ. ಅಂಗೈಯಷ್ಟಿರುವ ಹಗುರ ಸ್ಟ್ರೀಮರ್‌ಗೆ ಅದನ್ನು ಸಿಕ್ಕಿಸಿದರೆ ಸ್ಟ್ರೀಮರ್ ಶೆಲ್ಫಿನ ಮೇಲೆ ಮೂತಿ ತಿರುಗಿಸಿ ಕೂರುತ್ತದೆ. ಪೋರ್ಟಿನ ಮೇಲೆ ಸದಾ ಎಳೆತ ಬೀಳುವುದು ಒಳ್ಳೆಯದೂ ಅಲ್ಲ.

ಶೀಲ್ಡ್ ಬೇಕೋ ಬೇಡವೋ

ಧ್ವನಿಗೂ ನೆಟ್‌ವರ್ಕ್ ಕೇಬಲ್‌ಗೂ ನಿಜವಾದ ನಂಟು ಏನಾದರೂ ಇದ್ದರೆ ಅದು ಇಲ್ಲಿದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕೇಬಲ್ ಒಳಗೆ ಎಂಟು ತಂತಿ, ಎರಡೆರಡು ಹೊಸೆದ ನಾಲ್ಕು ಜೋಡಿ. ಒಂದೊಂದು ಜೋಡಿಯಲ್ಲೂ ಒಂದು ತಂತಿಯಲ್ಲಿ ಸಿಗ್ನಲ್, ಇನ್ನೊಂದರಲ್ಲಿ ಅದರ ತದ್ವಿರುದ್ಧ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ತಲುಪಿದ ಕಡೆ ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವುದರಿಂದ ಗದ್ದಲ ಕಳೆದುಹೋಗುತ್ತದೆ. ಹೊಸೆತದ ಕೆಲಸ ಇದು. ಜೊತೆಗೆ ಪ್ರತಿ ಇಥರ್ನೆಟ್ ಪೋರ್ಟ್‌ನಲ್ಲೂ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿವೆ. 1,500 ವೋಲ್ಟ್ ತಡೆಯಬೇಕು ಅಂತ ಅವಕ್ಕೆ ನಿಯಮ. ಇವುಗಳಿಂದಾಗಿ ಎರಡು ಸಾಧನಗಳ ನಡುವೆ ತಾಮ್ರದಿಂದ ತಾಮ್ರಕ್ಕೆ ನೇರ ಸಂಪರ್ಕವೇ ಇರುವುದಿಲ್ಲ.

ಶೀಲ್ಡ್, ಅಂದರೆ ಗದ್ದಲ ತಡೆಯುವ ಲೋಹದ ಹೊದಿಕೆ, ಇಲ್ಲದ ಕೇಬಲ್‌ಗೆ ಯುಟಿಪಿ ಅನ್ನುತ್ತಾರೆ. ಶೀಲ್ಡ್ ಇದ್ದರೆ ಎಫ್/ಯುಟಿಪಿ, ಯು/ಎಫ್‌ಟಿಪಿ, ಎಸ್/ಎಫ್‌ಟಿಪಿ ಹೀಗೆ ಬರೆದಿರುತ್ತದೆ. ಗೆರೆಯ ಮುಂಚಿನ ಅಕ್ಷರ ಇಡೀ ಕೇಬಲ್‌ನ ಹೊದಿಕೆಯದು, ನಂತರದ್ದು ಒಂದೊಂದು ಜೋಡಿಯ ಹೊದಿಕೆಯದು. ಯು ಅಂದರೆ ಹೊದಿಕೆ ಇಲ್ಲ, ಎಫ್ ಅಂದರೆ ಫಾಯಿಲ್, ಎಸ್ ಅಂದರೆ ಹೆಣೆದ ತಂತಿಜಾಲ.

ಶೀಲ್ಡ್ ಇದ್ದರೆ ಇನ್ನೂ ಒಳ್ಳೆಯದು ಅಲ್ವಾ ಅಂತ ಅನಿಸುತ್ತದೆ. ಮನೆಯ ಸಂಗೀತ ವ್ಯವಸ್ಥೆಯಲ್ಲಿ ಎಷ್ಟೋ ಸಲ ಉಲ್ಟಾ. ಎರಡೂ ತುದಿಗೆ ಲೋಹದ ಪ್ಲಗ್ ಇದ್ದು, ಎರಡೂ ಕಡೆಯ ಪೋರ್ಟ್ ಲೋಹದ್ದಾಗಿದ್ದರೆ, ಶೀಲ್ಡ್ ಎರಡು ಸಾಧನಗಳ ಮೈಯನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಟ್ರಾನ್ಸ್‌ಫಾರ್ಮರ್ ಕಷ್ಟಪಟ್ಟು ಬೇರ್ಪಡಿಸಿದ್ದನ್ನು ಶೀಲ್ಡ್ ಪಕ್ಕದಿಂದ ಮತ್ತೆ ಜೋಡಿಸಿದ ಹಾಗೆ. ಆಂಪ್ಲಿಫಯರ್ ತನ್ನ ಪವರ್ ಪ್ಲಗ್ ಮೂಲಕ ಅರ್ತ್ ಆಗಿದೆ, ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಸ್ವಿಚ್ (ಹಲವು ಸಾಧನಗಳ ಕೇಬಲ್‌ಗಳನ್ನು ಒಟ್ಟು ಜೋಡಿಸುವ ಪೆಟ್ಟಿಗೆ) ಇನ್ನೊಂದು ಕೋಣೆಯ ಸಾಕೆಟ್ಟಿನಲ್ಲಿ ಅರ್ತ್ ಆಗಿದೆ. ನಡುವೆ ಶೀಲ್ಡ್ ಸೇರಿಕೊಂಡಾಗ ಅರ್ತ್‌ನ ಒಂದು ದೊಡ್ಡ ಸುತ್ತು ಪೂರ್ತಿಯಾಯಿತು. ಅದರಲ್ಲಿ ಹರಿಯುವ ಅಲ್ಪ ಕರೆಂಟೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಕೇಳುವ 50 ಅಥವಾ 60 ಹರ್ಟ್ಸ್ ಸದ್ದು. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು.

ನಿಮ್ಮ ಸ್ಪೀಕರ್‌ನಲ್ಲಿ ಇಂಥ ಗುಂಯ್ ಇದ್ದರೆ ಮೇಲೆ ಹೇಳಿದ ಪರೀಕ್ಷೆ ಮಾಡಿ. ಹಾಡನ್ನು ನಿಲ್ಲಿಸಿ, ವಾಲ್ಯೂಮ್ ಎಂದಿನಷ್ಟೇ ಇಟ್ಟು, ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು ನೋಡಿ. ಸದ್ದು ನಿಂತಿತು ಅಂದರೆ ಅದು ಕೇಬಲ್ ಹಾದಿಯಿಂದಲೇ ಬರುತ್ತಿತ್ತು. ಮಾಮೂಲಿ ಯುಟಿಪಿ ಕೇಬಲ್ ಹಾಕಿ, ಬಹುತೇಕ ಸಲ ಅಲ್ಲಿಗೆ ಮುಗಿಯಿತು. ಕಿತ್ತರೂ ಸದ್ದು ಹಾಗೇ ಇದ್ದರೆ ತಪ್ಪು ಬೇರೆಡೆ ಇದೆ. ಎಷ್ಟು ದುಬಾರಿ ನೆಟ್‌ವರ್ಕ್ ಕೇಬಲ್ ತಂದರೂ ಪ್ರಯೋಜನವಿಲ್ಲ. ಈ ಸದ್ದು ನಿಲ್ಲಿಸಲು ಪವರ್ ಪ್ಲಗ್‌ನ ಅರ್ತ್ ಪಿನ್ ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಲೇಬೇಡಿ. ಆ ಪಿನ್ ಇರುವುದು ಜೀವ ಉಳಿಸಲು.

ಹಾಗಾಗಿ ನನ್ನ ಮಾತು ಇಷ್ಟೇ: ಮನೆಗೆ ಯುಟಿಪಿ. ಹತ್ತಾರು ಕೇಬಲ್‌ಗಳು ಕಟ್ಟುಕಟ್ಟಾಗಿ ಹೋಗುವ ಕಡೆ, ದೊಡ್ಡ ಮೋಟರ್‌ಗಳ ಪಕ್ಕ, 10 ಗಿಗಾಬಿಟ್ ಓಡಿಸುವ ಕಡೆ ಶೀಲ್ಡ್‌ಗೆ ಅರ್ಥವಿದೆ. ಸೋಫಾ ಹಿಂದೆ ಹೋಗುವ ಒಂದೇ ಒಂದು ತಂತಿಗೆ ಇಲ್ಲ.

ಕೆಲವು ದುಬಾರಿ ಕೇಬಲ್‌ಗಳ ಮೇಲೆ ಬಾಣದ ಗುರುತು ಇರುತ್ತದೆ, ‘ಸಂಗೀತ ಈ ಕಡೆಗೆ’ ಎನ್ನುವ ಹಾಗೆ. ಗಿಗಾಬಿಟ್ ಇಥರ್ನೆಟ್‌ನಲ್ಲಿ ನಾಲ್ಕೂ ಜೋಡಿಗಳಲ್ಲಿ ಡೇಟಾ ಎರಡೂ ದಿಕ್ಕಿಗೆ ಒಟ್ಟಿಗೇ ಓಡಾಡುತ್ತದೆ. ಸಿಗ್ನಲ್‌ಗೆ ದಿಕ್ಕು ಇಲ್ಲ. ಶೀಲ್ಡನ್ನು ಒಂದೇ ತುದಿಗೆ ಜೋಡಿಸಿದ ಕೇಬಲ್ ಆಗಿದ್ದರೆ, ಯಾವ ತುದಿ ಅಂತ ತೋರಿಸಲು ಬಾಣ ಹಾಕಿರುತ್ತಾರೆ. ಅಂಥದ್ದರಲ್ಲಿ ಗ್ರೌಂಡ್ ಲೂಪ್ ಆಗುವುದಿಲ್ಲ, ಸರಿ. ಆದರೆ ಅದೇ ಕೆಲಸವನ್ನು ಯುಟಿಪಿ ಬಾಣವಿಲ್ಲದೆ ಮಾಡುತ್ತದೆ.

ತಾಮ್ರ ನಿಜವಾಗಿಯೂ ತಾಮ್ರವೇ?

ನನ್ನ ಪ್ರಕಾರ ಕ್ಯಾಟಗರಿಗಿಂತ ಇದೇ ಮುಖ್ಯ. ಅಗ್ಗದ ಕೇಬಲ್‌ಗಳಲ್ಲಿ ಸಿಸಿಎ ಅಂತ ಒಂದು ಬಗೆ ಇದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ತಾಮ್ರಕ್ಕಿಂತ ಇದರಲ್ಲಿ ವಿದ್ಯುತ್ ರೋಧ ಜಾಸ್ತಿ, ಬಾಗಿಸಿದರೆ ಬೇಗ ಮುರಿಯುತ್ತದೆ, ಪ್ಲಗ್ಗಿನೊಳಗೆ ಹಿಡಿತ ಕಾಲಕ್ರಮೇಣ ಸಡಿಲವಾಗುತ್ತದೆ. ಕ್ಯಾಟ್ 5ಇ, ಕ್ಯಾಟ್ 6 ಮಾನದಂಡಗಳು ತಾಮ್ರದ ತಂತಿಯನ್ನೇ ಕೇಳುತ್ತವೆ. ಸಿಸಿಎ ತಂತಿಗೆ ಆ ಹೆಸರು ಹಾಕುವುದೇ ತಪ್ಪು, ಆದರೂ ಹಾಕಿ ಮಾರುತ್ತಾರೆ. ಕೇಬಲ್ ಮೂಲಕವೇ ವಿದ್ಯುತ್ ಕಳಿಸುವ ಪಿಒಇ ವ್ಯವಸ್ಥೆ ಇದ್ದರಂತೂ ಇದು ಬೇಡವೇ ಬೇಡ. ರೋಧ ಜಾಸ್ತಿ ಇರುವುದರಿಂದ ತಂತಿ ಬಿಸಿಯಾಗುತ್ತದೆ.

ಗುರುತಿಸುವುದು ಹೇಗೆ? ಮೊದಲು ಕೇಬಲ್ ಸಿಪ್ಪೆಯ ಮೇಲಿನ ಬರಹ ಓದಿ. ಒಳ್ಳೆಯ ಕೇಬಲ್ ಮೇಲೆ ಮೀಟರಿಗೊಮ್ಮೆಯಾದರೂ ಸಣ್ಣ ಅಕ್ಷರದ ಸಾಲು ಇರುತ್ತದೆ: ಕ್ಯಾಟಗರಿ, ಯು/ಯುಟಿಪಿ, 4 ಪೇರ್, 23 ಅಥವಾ 24 ಎಡಬ್ಲ್ಯುಜಿ, ಟಿಐಎ-568 ಇಲ್ಲವೇ ಐಎಸ್‌ಒ/ಐಇಸಿ 11801, ಬೆಂಕಿಯ ದರ್ಜೆ, ಉದ್ದದ ಗುರುತು. ಸಾಲೇ ಇಲ್ಲದಿದ್ದರೆ, ಅಥವಾ ಬರೀ ‘ಹೈ ಸ್ಪೀಡ್ ಕ್ಯಾಟ್ 6’ ಅಂತ ಇದ್ದರೆ ಕೆಳಗಿಡಿ. ಡಬ್ಬಿಯ ಮೇಲೆ ‘ಬೇರ್ ಕಾಪರ್’ ಎಂಬ ಮಾತು ಹುಡುಕಿ. ಆಕ್ಸಿಜನ್ ಇಲ್ಲದ ತಾಮ್ರ, ಬೆಳ್ಳಿ ಲೇಪ, ಇವುಗಳಿಂದ ಇಲ್ಲಿ ಏನೂ ಆಗಬೇಕಾದ್ದಿಲ್ಲ. ಮಾಮೂಲಿ ತಾಮ್ರ ಸಾಕು.

ಸುರುಳಿ ಕೇಬಲ್ ಆದರೆ ತುದಿಯ ಒಂದು ತಂತಿ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಮೇಲೆ ಕೆಂಪು, ಕೆರೆದಾಗ ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ. ಕೆರೆದಷ್ಟೂ ಕೆಂಪೇ ಇದ್ದರೆ ತಾಮ್ರ. ಮೇಲೆ ಬಿಳಿ, ಒಳಗೆ ಕೆಂಪು ಇದ್ದರೆ ಅದು ತವರ ಲೇಪಿಸಿದ ತಾಮ್ರ, ತೊಂದರೆ ಇಲ್ಲ. ತೂಕದಲ್ಲೂ ಗೊತ್ತಾಗುತ್ತದೆ. ಅಲ್ಯೂಮಿನಿಯಂ ತಾಮ್ರಕ್ಕಿಂತ ಮೂರು ಪಟ್ಟು ಹಗುರ, ಹಾಗಾಗಿ ಸಿಸಿಎ ಸುರುಳಿ ಎತ್ತಿದರೆ ಖಾಲಿ ಡಬ್ಬಿ ಎತ್ತಿದಂತಿರುತ್ತದೆ.

ಎಡಬ್ಲ್ಯುಜಿ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. 23 ಅಂದರೆ 0.57 ಮಿಲಿಮೀಟರ್, 24 ಅಂದರೆ 0.51, 28 ಅಂದರೆ 0.32. ಒಂದೆರಡು ಮೀಟರ್ ಪ್ಯಾಚ್ ಕೇಬಲ್‌ಗೆ 28ರ ಸಪೂರ ತಂತಿ ನಡೆಯುತ್ತದೆ, ಸಲಕರಣೆಗಳ ಹಿಂದೆ ಜಾಗ ಕಮ್ಮಿ ಇದ್ದರೆ ಅದೇ ವಾಸಿ. ದೂರಕ್ಕೆ 23 ಅಥವಾ 24 ಇರಲಿ. ಕಾರ್ಪೆಟ್ ಕೆಳಗೆ ಹೋಗುವ ಚಪ್ಪಟೆ ಕೇಬಲ್‌ಗಳು ಕಣ್ಣಿಗೆ ಚೆಂದ. ತುಳಿದಾಟ ಇರುವ ಕಡೆ ಬೇಡ, ಗೋಡೆಯೊಳಗೆ ಬೇಡ, ಬೇರೆ ದಾರಿ ಇಲ್ಲದ ಕಡೆ ಚಿಕ್ಕ ದೂರಕ್ಕೆ ಮಾತ್ರ.

ಉದ್ದ, ಮತ್ತು ಗಟ್ಟಿ ತಂತಿಯೋ ಎಳೆ ತಂತಿಯೋ

ತಾಮ್ರದ ಇಥರ್ನೆಟ್‌ಗೆ ಒಟ್ಟು ಮಿತಿ 100 ಮೀಟರ್. ಗೋಡೆಯೊಳಗೆ 90, ಎರಡೂ ತುದಿಯ ಪ್ಯಾಚ್ ಕೇಬಲ್ ಸೇರಿ 10. ಈ ಮಿತಿಯೊಳಗೆ ಒಂದು ಮೀಟರ್ ಕೇಬಲ್‌ಗೂ ಮೂವತ್ತು ಮೀಟರ್ ಕೇಬಲ್‌ಗೂ ಧ್ವನಿಯಲ್ಲಿ ವ್ಯತ್ಯಾಸವಿಲ್ಲ. ದಾರವೊಂದನ್ನು ತಂತಿ ಹೋಗುವ ಹಾದಿಯಲ್ಲೇ, ಬಾಗಿಲ ಚೌಕಟ್ಟು ಸುತ್ತಿ, ಗೋಡೆ ಬುಡ ಹಿಡಿದು ಎಳೆದು ಅಳೆಯಿರಿ. ಒಂದೆರಡು ಮೀಟರ್ ಹೆಚ್ಚಿಗೆ ಸೇರಿಸಿಕೊಳ್ಳಿ. ಸ್ಟ್ರೀಮರ್ ಜಾಗ ಬದಲಿಸುವ ಮನಸ್ಸು ನಾಳೆ ಬಂದೇ ಬರುತ್ತದೆ. ಉಳಿದದ್ದನ್ನು ಸಡಿಲವಾಗಿ ಸುತ್ತಿಟ್ಟರೆ ಏನೂ ಆಗುವುದಿಲ್ಲ. ಬಿಗಿಯಾಗಿ ಎಳೆದು ಸಿಕ್ಕಿಸಿದ ಕೇಬಲ್‌ನಿಂದಲೇ ತೊಂದರೆ ಜಾಸ್ತಿ.

ಗೋಡೆಯೊಳಗಿನ ಕೇಬಲ್‌ನಲ್ಲಿ ಒಂದೊಂದು ತಂತಿಯೂ ಇಡಿಯಾದ ಒಂದೇ ಕಡ್ಡಿ. ದೂರಕ್ಕೆ ಅದು ಒಳ್ಳೆಯದು, ಆದರೆ ಮತ್ತೆ ಮತ್ತೆ ಬಾಗಿಸಿದರೆ ಮುರಿಯುತ್ತದೆ. ಪ್ಯಾಚ್ ಕೇಬಲ್‌ನಲ್ಲಿ ಸಪೂರ ಎಳೆಗಳನ್ನು ಸೇರಿಸಿ ತಂತಿ ಮಾಡಿರುತ್ತಾರೆ, ಬಳುಕುತ್ತದೆ. ಆದ್ದರಿಂದ ಗೋಡೆಯ ಕೇಬಲ್ಲನ್ನು ಗೋಡೆಯ ಸಾಕೆಟ್ಟಿಗೇ ಮುಗಿಸಿ. ಅಲ್ಲಿಂದ ಸ್ಟ್ರೀಮರ್‌ಗೆ ರೆಡಿಮೇಡ್ ಪ್ಯಾಚ್ ಕೇಬಲ್ ಹಾಕಿ.

ಎಳೆಯುವಾಗ

ಕ್ಯಾಟ್ 6 ಕೇಬಲ್ಲನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಾಗಿಸಬಾರದು. 6 ಮಿಲಿಮೀಟರ್ ದಪ್ಪವಿದ್ದರೆ ಸುಮಾರು 25 ಮಿಲಿಮೀಟರ್. ಅಂದರೆ ಮೂಲೆಯಲ್ಲಿ ಮಡಿಕೆ ಬೀಳದೆ ದುಂಡಗೆ ತಿರುಗಬೇಕು. ಪ್ಲಾಸ್ಟಿಕ್ ಟೈಗಳನ್ನು ಸಿಪ್ಪೆ ಒಳಗೆ ಒತ್ತಿಕೊಳ್ಳುವಷ್ಟು ಬಿಗಿಯಬೇಡಿ. ವೆಲ್ಕ್ರೋ ಪಟ್ಟಿ ಒಳ್ಳೆಯದು, ಬಿಚ್ಚಿ ಮತ್ತೆ ಹಾಕಬಹುದು. ಬಾಗಿಲ ಸಂದಿ, ಸೋಫಾ ಕಾಲಿನ ಅಡಿ, ಕುರ್ಚಿ ಚಕ್ರದ ದಾರಿ, ಕೇಬಲ್ ಸಾಯುವುದು ಈ ಮೂರು ಕಡೆಯೇ.

ಕರೆಂಟಿನ ವೈರ್ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಮುಖ್ಯ ಕಾರಣ ಸುರಕ್ಷತೆ. ಪಕ್ಕಪಕ್ಕದಲ್ಲೇ ಹೋಗಬೇಕಾದರೆ 20 ಸೆಂಟಿಮೀಟರಿನಷ್ಟು ಅಂತರ ಬಿಡಿ, ದಾಟಲೇಬೇಕಾದಲ್ಲಿ ಅಡ್ಡಡ್ಡಲಾಗಿ ದಾಟಿಸಿ. ಬಿಸಿಲಿಗೆ ಬೀಳುವ ಕಡೆ ಹೊರಾಂಗಣದ ಕೇಬಲ್ಲೇ ಬೇಕು, ಒಳಾಂಗಣದ ಸಿಪ್ಪೆ ಬಿರಿದುಹೋಗುತ್ತದೆ. ಎರಡು ಬೇರೆ ಕಟ್ಟಡಗಳ ನಡುವೆಯಾದರೆ ತಾಮ್ರ ಬೇಡ, ಫೈಬರ್ ಹಾಕಿ. ಸಿಡಿಲಿನ ಹೊಡೆತ ಗಾಜಿನ ಎಳೆಯಲ್ಲಿ ಹರಿಯುವುದಿಲ್ಲ. ಎರಡೂ ತುದಿಗೆ ವಿದ್ಯುತ್ ಸಿಗ್ನಲ್ಲನ್ನು ಬೆಳಕಿಗೆ, ಬೆಳಕನ್ನು ಸಿಗ್ನಲ್‌ಗೆ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್, ಒಂದೊಂದು ಅಡಾಪ್ಟರ್ ಹೆಚ್ಚಾಗುತ್ತದೆ, ಅಷ್ಟೇ.

ಪ್ಲಗ್ ನೀವೇ ಹಾಕುವುದಾದರೆ

ರೆಡಿಮೇಡ್ ಸಿಗುವಾಗ ಯಾಕೆ ಈ ತಾಪತ್ರಯ ಅನಿಸಬಹುದು. ಆದರೆ ಗೋಡೆಯ ರಂಧ್ರದಲ್ಲಿ ಪ್ಲಗ್ ತೂರದಿದ್ದಾಗ ಬೇರೆ ದಾರಿ ಇರುವುದಿಲ್ಲ. ತಂತಿಗಳ ಬಣ್ಣ ಜೋಡಿಸುವ ಟಿ568ಬಿ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕ್ಲಿಪ್ ಕೆಳಗಿರಲಿ, ತೆರೆದ ತುದಿ ನಿಮ್ಮ ಕಡೆ ಇರಲಿ. ಆಗ ಎಡದಿಂದ ಬಲಕ್ಕೆ ಈ ಕ್ರಮ.

ಮಧ್ಯದಲ್ಲಿ ಹಸಿರು ಜೋಡಿ ಬೇರೆಯಾಗಿ ನಡುವೆ ನೀಲಿ ಬಂದಿರುವುದನ್ನು ಗಮನಿಸಿ. ಇಲ್ಲೇ ಬಹಳ ಜನ ಎಡವುವುದು. ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಾಗಿ ಇಟ್ಟು, ಎರಡೂ ತುದಿಗೆ ಒಂದೇ ರೀತಿ ಹಾಕಿಬಿಡುತ್ತಾರೆ. ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿಯೇ ಹೊತ್ತುತ್ತವೆ, ಯಾಕೆಂದರೆ ಒಂದನೇ ಪಿನ್‌ನಿಂದ ಒಂದನೇ ಪಿನ್‌ಗೆ ಸಂಪರ್ಕ ಇದ್ದೇ ಇದೆ. ಆದರೆ 3 ಮತ್ತು 6ನೇ ಪಿನ್ ಒಂದು ಜೋಡಿ ಅಂತ ಪೋರ್ಟ್ ಎಣಿಸಿರುತ್ತದೆ. ನಿಮ್ಮ ಕೇಬಲ್‌ನಲ್ಲಿ ಅವೆರಡೂ ಬೇರೆ ಬೇರೆ ಹೊಸೆತದ ತಂತಿಗಳು. ಗದ್ದಲ ಕಳೆಯುವ ಉಪಾಯವೇ ಅಲ್ಲಿ ಮುರಿದುಬಿತ್ತು. ಫಲವಾಗಿ ಕೇಬಲ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ. ಚಿಕ್ಕದಿದ್ದರೆ ಹೇಗೋ ನಡೆಯುತ್ತದೆ, ಉದ್ದವಾದರೆ ಹಾಡು ಆಗಾಗ ಕಡಿಯುತ್ತದೆ. ಸ್ಪ್ಲಿಟ್ ಪೇರ್ ಅಂತ ಇದಕ್ಕೆ ಹೆಸರು.

ಇನ್ನೆರಡು ಮಾತು. ಹೊಸೆತವನ್ನು ಪ್ಲಗ್ ಹತ್ತಿರ 13 ಮಿಲಿಮೀಟರ್‌ಗಿಂತ ಹೆಚ್ಚು ಬಿಡಿಸಬೇಡಿ. ಗಟ್ಟಿ ತಂತಿಗೆ ಮತ್ತು ಎಳೆ ತಂತಿಗೆ ಬರುವ ಪ್ಲಗ್‌ಗಳು ಬೇರೆ ಬೇರೆ, ಕೇಳಿ ತನ್ನಿ.

ಹಾಕಿದ ಮೇಲೆ ಪರೀಕ್ಷಿಸಿ

ಹೊಸ ಕೇಬಲ್ಲನ್ನು ಮೊದಲು ಗಿಗಾಬಿಟ್ ಪೋರ್ಟ್ ಇರುವ ಕಂಪ್ಯೂಟರ್‌ಗೆ ಸಿಕ್ಕಿಸಿ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1,000 ಮೆಗಾಬಿಟ್ ಎಂದು ತೋರಿಸಬೇಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕಡಿದಿದ್ದರೆ ಎಷ್ಟೋ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಸ್ಟ್ರೀಮರ್‌ಗೆ ಸಿಕ್ಕಿಸಿ ನೋಡಿದರೆ ಇದು ಗೊತ್ತಾಗದೇ ಹೋಗಬಹುದು, ಅದರ ಪೋರ್ಟೇ 100ರದ್ದಾಗಿರಬಹುದಲ್ಲ.

ಸೆಟ್ಟಿಂಗ್ ನೋಡಲು ಬರುವ ಸ್ವಿಚ್ ಇದ್ದರೆ ಪ್ರತಿ ಪೋರ್ಟ್‌ನ ಸಿಆರ್‌ಸಿ ದೋಷಗಳ, ಅಂದರೆ ಮೇಲೆ ಹೇಳಿದ ತಾಳೆ ಸಂಖ್ಯೆ ಹೊಂದದ ಪ್ಯಾಕೆಟ್‌ಗಳ, ಎಣಿಕೆ ಸಿಗುತ್ತದೆ. ಒಂದು ಸಂಜೆ ಪೂರ್ತಿ ಹಾಡು ಕೇಳಿದ ಮೇಲೆ ಅದು ಸೊನ್ನೆಯಲ್ಲೇ ಇದ್ದರೆ ಕೇಬಲ್ ಬಗ್ಗೆ ಮರೆತುಬಿಡಿ. ಎಣಿಕೆ ಏರುತ್ತಲೇ ಇದ್ದರೆ ಪ್ಲಗ್ ಬದಲಿಸಿ ಇಲ್ಲವೇ ಕೇಬಲ್ಲೇ ಬದಲಿಸಿ. ಅಂಥ ಸ್ವಿಚ್ ಇಲ್ಲದಿದ್ದರೆ, ದೊಡ್ಡದೊಂದು ಆಲ್ಬಂ ಫೋಲ್ಡರನ್ನು ಆ ಕೇಬಲ್ ಮೂಲಕ ಕಾಪಿ ಮಾಡಿ. ಆಮೇಲೆ ಮೂಲ ಮತ್ತು ಪ್ರತಿಯ ಚೆಕ್‌ಸಮ್ (ಫೈಲಿನ ಬಿಟ್‌ಗಳಿಂದ ಲೆಕ್ಕ ಹಾಕಿದ ಸಂಖ್ಯೆ) ತಾಳೆ ನೋಡಿ. ಫ್ಲ್ಯಾಕ್ ಫೈಲ್ ಆದರೆ ಸಂಗೀತದ ಎಂಡಿ5 ಎಂಬ ಇಂಥದೇ ಸಂಖ್ಯೆಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಪರೀಕ್ಷಿಸುವುದು ಇನ್ನೂ ಸುಲಭ. ಸಂಖ್ಯೆ ಒಂದೇ ಅಂದರೆ ಒಂದೇ ಒಂದು ಬಿಟ್ ಕೂಡ ಬದಲಾಗಿಲ್ಲ ಅಂತ ಅರ್ಥ.

ಇಷ್ಟಾದ ಮೇಲೂ ದುಬಾರಿ ಕೇಬಲ್‌ನಲ್ಲಿ ಏನೋ ಇದೆ ಅಂತ ಅನಿಸುತ್ತಿದ್ದರೆ, ವಾಪಸ್ ಕೊಡಲು ಆಗುವಂತೆ ತಂದು ಮನೆಯಲ್ಲೇ ಪರೀಕ್ಷಿಸಿ. ಯಾವ ಕೇಬಲ್ ಅಂತ ನಿಮಗೆ ಕಾಣಬಾರದು. ಇನ್ನೊಬ್ಬರು ನಾಣ್ಯ ಚಿಮ್ಮಿ ಬಂದಂತೆ ಬದಲಿಸಲಿ, ಒಂದೇ ಹಾಡು, ವಾಲ್ಯೂಮ್ ಮುಟ್ಟುವಂತಿಲ್ಲ. ಈಗ ಇರುವುದು ಯಾವ ಕೇಬಲ್ ಅಂತ 16 ಸಲ ಹೇಳಿ. 12 ಅಥವಾ ಹೆಚ್ಚು ಸಲ ಸರಿ ಹೇಳಿದರೆ ಅದು ಬರೀ ಊಹೆಯಿಂದ ಆಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆಗ ನಿಜಕ್ಕೂ ಏನೋ ಇದೆ, ಮೊದಲು ಗ್ರೌಂಡ್ ಲೂಪ್ ಹುಡುಕಿ. ಎಂಟು-ಒಂಬತ್ತರ ಹತ್ತಿರ ನಿಂತರೆ ಕೇಬಲ್ ವಾಪಸ್ ಕೊಟ್ಟು ಆ ಹಣವನ್ನು ಸ್ಪೀಕರ್‌ಗೆ ಇಡಿ.

ಸ್ವಿಚ್‌ಗೂ ರೂಟರ್‌ಗೂ ನಡುವೆ ಒಂದೇ ಕೇಬಲ್ ಇರಲಿ. ಎರಡು ಹಾಕಿದರೆ ವೇಗ ಜಾಸ್ತಿಯಾಗುತ್ತದೆ ಅಂದುಕೊಂಡು ಹಾಕುವವರಿದ್ದಾರೆ. ಮಾಮೂಲಿ ಸ್ವಿಚ್‌ಗಳಲ್ಲಿ ಅದರಿಂದ ಪ್ಯಾಕೆಟ್‌ಗಳು ಸುತ್ತುತ್ತಲೇ ಇದ್ದು ಇಡೀ ಮನೆಯ ನೆಟ್‌ವರ್ಕ್ ಮಲಗುತ್ತದೆ. ತಮ್ಮತಮ್ಮಲ್ಲೇ ವೈರ್‌ಲೆಸ್ ಜಾಲ ಕಟ್ಟಿಕೊಳ್ಳುವ ಸ್ಪೀಕರ್‌ಗಳಲ್ಲಿ ಎರಡು-ಮೂರಕ್ಕೆ ಕೇಬಲ್ ಹಾಕಿದಾಗಲೂ ಹೀಗಾಗುವುದುಂಟು. ಹೊಸ ಕೇಬಲ್ ಹಾಕಿದ ಗಳಿಗೆಯಿಂದ ಎಲ್ಲವೂ ನಿಧಾನವಾದರೆ ಆ ಕೇಬಲ್ ಕಿತ್ತು ನೋಡಿ.

ಕೊನೆಗೆ ಎರಡೂ ತುದಿಗೆ ಚೀಟಿ ಅಂಟಿಸಿ, ಎಲ್ಲಿಂದ ಎಲ್ಲಿಗೆ ಅಂತ. ಪರೀಕ್ಷಿಸಿದ ಒಂದು ಪ್ಯಾಚ್ ಕೇಬಲ್ ಹೆಚ್ಚುವರಿಯಾಗಿ ಡ್ರಾಯರ್‌ನಲ್ಲಿ ಇಟ್ಟುಕೊಳ್ಳಿ. ಹಾಡು ಕಡಿದಾಗ ಮೊದಲು ಬದಲಿಗೆ ಹಾಕಿ ನೋಡಬೇಕಾದ್ದು ಅದನ್ನೇ. ಕ್ಲಿಪ್ ಮುರಿದ ಕೇಬಲ್ಲನ್ನು ಮಾತ್ರ ಆ ಡ್ರಾಯರ್‌ಗೆ ಸೇರಿಸಬೇಡಿ, ನೇರ ಇ-ತ್ಯಾಜ್ಯದ ಡಬ್ಬಿಗೆ ಹಾಕಿ.